ಕೊಂಡಿ ಹಚ್ಚಿದ ಅಶ್ರಫಿ

ಶಹಾಬಾದ
೭ ಜನವರಿ ೧೯೫೨

ಮಗಳು ಶಿವಕಾಂತಮ್ಮನಿಗೆ,

ಮೊಣಕಾಲೊಂದನ್ನು ಬಿಟ್ಟರೆ ನಾನು ನೆಟ್ಟಗಿದ್ದೇನೆ. ಸೇಡಂನಲ್ಲಿ ನೀನು, ಅಳಿಯ ದೇವಿಂದ್ರಪ್ಪನವರು, ಬೀಗತಿ ನೀಲಾಬಾಯಿಯವರು ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಐನಾಪುರದ ಹೊಲ ಮಾರಿದೆ. ನಿನ್ನ ಅವ್ವ ಚಂದಮ್ಮನಿಗೆ ಅವಳ ತವರಿನವರು ಅರಿಶಿಣ ಕುಂಕುಮಕ್ಕೆಂದು ಕೊಟ್ಟ ಹೊಲ ಅದು. ಇಷ್ಟು ವರ್ಷ ಪಾಲಿಗೆ ಮಾಡುತ್ತಿದ್ದ ಸಾಬಣ್ಣನೇ ಕೊಂಡ. ಹೊಸ ಕಾಯಿದೆ ಬಂದ ಮೇಲೆ ಉಳುವವನಿಗೆ ಕೊಳ್ಳುವ ಹಕ್ಕಿದೆ ಎಂದು ಅವನೂ ಬಲ್ಲ, ನಾನೂ ಬಲ್ಲೆ, ಜಗಳವಿಲ್ಲದೆ ಮುಗಿಸಿದೆವು. ಕಣ್ಣು ಮುಚ್ಚುವ ಮೊದಲು ನಿನ್ನ ಅವ್ವ ನನ್ನ ಕೈ ಹಿಡಿದು ಹೇಳಿದ್ದಳು: "ಆ ಹೊಲ ನಂದು ಅದ. ಅದು ನನ್ನ ಮಗಳಿಗೇ ಮುಟ್ಟಬೇಕು." ಆದ್ದರಿಂದ ಈ ದುಡ್ಡು ನಿನ್ನದು, ನನ್ನದಲ್ಲ.

ದುಡ್ಡು ಬಂದಿರುವುದು ಹಾಲಿ ಸಿಕ್ಕಾದಲ್ಲಿ. ನಿಜಾಮರ ಈ ರೂಪಾಯಿ ಇನ್ನೆಷ್ಟು ದಿನ ನಡೆಯುತ್ತದೆಂದು ಯಾರೂ ಖಾತ್ರಿಯಾಗಿ ಹೇಳುತ್ತಿಲ್ಲ. ಈಗ ಏಳು ಹಾಲಿಗೆ ಆರು ಕಲ್ದಾರ, ಅಂದರೆ ಭಾರತ ಸರ್ಕಾರದ ರೂಪಾಯಿ ಸಿಗುತ್ತದೆ. ಪೆಟ್ಟಿಗೆಯಲ್ಲಿಟ್ಟು ಕೂರುವ ಕಾಲ ಇದಲ್ಲ. ವಾಡಿಯಲ್ಲಿ ಸ್ಟೇಷನ್ನಿನ ಆಚೆ ಜಾಗ ಮಾರಾಟಕ್ಕಿದೆ. ರೈಲಿನ ನೌಕರರು ಬಾಡಿಗೆ ಮನೆಗಾಗಿ ಅಲೆಯುತ್ತಿದ್ದಾರೆ. ಎರಡು ಖೋಲಿ ಕಟ್ಟಿಸಿದರೆ ಕಲ್ಲು ನನ್ನ ಗಣಿಯಿಂದಲೇ ಬರುತ್ತದೆ. ಬೇಡವೆಂದರೆ ನನ್ನ ಹಾಸುಗಲ್ಲಿನ ವ್ಯಾಪಾರದಲ್ಲೇ ಹಾಕು, ಲಾಭದಲ್ಲಿ ಪಾಲು ಕೊಡುತ್ತೇನೆ. ಅಳಿಯಂದಿರ ಶೇಂಗಾ ಅಡತಿ ಅಂಗಡಿಗೆ ಹಾಕುವುದಾದರೂ ನನ್ನ ಅಡ್ಡಿಯಿಲ್ಲ. ನಿನಗೆ ಏನು ಬೇಕೆಂದು ಬರೆ.

ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಇದನ್ನು ಬರೆದವನು,
ನಿನ್ನ ಅಪ್ಪ, ಗುರುಲಿಂಗಪ್ಪ


ಸೇಡಂ
೨ ಫೆಬ್ರವರಿ ೧೯೫೨

ಅಪ್ಪಾ,

ಈ ಪತ್ರ ಅಂಚೆಯಲ್ಲಿ ಬಂದಿಲ್ಲ, ಬಳೆ ಮಾರುವ ಜಾನಬಿಯ ಬುಟ್ಟಿಯಲ್ಲಿ ಬಂದಿದೆ. ಅವಳು ತಿಂಗಳಿಗೊಮ್ಮೆ ವಾಡಿಯಲ್ಲಿ ಗಾಡಿ ಬದಲಿಸಿ ನಿಮ್ಮೂರಿಗೆ ಬರುತ್ತಾಳೆ. ಉತ್ತರವನ್ನೂ ಅವಳ ಕೈಯಲ್ಲೇ ಕೊಡಿ. ನೀವು ಹಿಂದೆ ಬರೆದ ಪತ್ರ ಮೊದಲು ಅಂಗಡಿಗೆ ಹೋಯಿತು. ಅಲ್ಲಿ ಒಡೆದು, ಓದಿ, ಆಮೇಲೆ ಮನೆಗೆ ತಂದರು.

ಅವತ್ತು ಮಧ್ಯಾಹ್ನ ನಮ್ಮ ಮನೆಯವರು ನಗುನಗುತ್ತಾ ಬಂದರು. ಅತ್ತೆಯವರು ಹಬ್ಬವಿಲ್ಲದೆ ಹೋಳಿಗೆ ಮಾಡಿಸಿದರು. ಊಟ ಮುಗಿಯುವುದರೊಳಗೆ ನಿಮ್ಮ ದುಡ್ಡು ಖರ್ಚಾಗಿಹೋಗಿತ್ತು, ಬರೀ ಮಾತಿನಲ್ಲಿ. ಚಿತ್ತಾಪುರದ ಒಬ್ಬರ ಜೊತೆ ಶೇಂಗಾ ಎಣ್ಣೆಯ ಗಾಣಕ್ಕೆ ಪಾಲುದಾರಿಕೆ ಅಂತೆ. ನಾನು ಬಡಿಸುತ್ತಿದ್ದೆ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ.

ನಿಮ್ಮ ಅಳಿಯ ಕೆಟ್ಟವರಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ, ನನಗೆ ಹೊಟ್ಟೆನೋವು ಬಂದಾಗ ತಾವೇ ಹಾಲು ಕಾಯಿಸಿಕೊಟ್ಟಿದ್ದಾರೆ. ಆದರೆ ಹೋದ ದಸರೆಯಲ್ಲಿ ಬಳೆ ತೊಡಲು ಅತ್ತೆಯವರ ಪೆಟ್ಟಿಗೆ ತೆಗೆಸಿದರೆ ನೀವು ಮದುವೆಯಲ್ಲಿ ಹಾಕಿದ ನಾಲ್ಕೂ ಬಂಗಾರದ ಬಳೆ ಇರಲಿಲ್ಲ. "ಶೇಂಗಾದಾಗ ದುಡಿಲಿಕತ್ತಾವ, ಬರ್ತಾವ ಬಿಡು" ಎಂದರು, ಬಳೆಗಳು ಕೂಲಿಗೆ ಹೋದವರೇನೋ ಎಂಬಂತೆ. ಎರಡು ಬಂದವು, ಇನ್ನೆರಡು ಬರಲಿಲ್ಲ. ಬಳೆ ಹೋಗಿದ್ದಕ್ಕಿಂತ, ಒಂದು ಮಾತು ಕೇಳದೆ ಹೋದವಲ್ಲ, ಅದು ನನಗೆ ನೋವು. ಈ ಮನೆಯಲ್ಲಿ ನನ್ನನ್ನು ಕೇಳಿಯೇ ತೆಗೆದುಕೊಳ್ಳಬೇಕಾದ ವಸ್ತು ಒಂದಾದರೂ ಇರಬೇಕು. ನನಗೆ ಬೇಕಾದದ್ದು ಇಷ್ಟೇ.

ಆದ್ದರಿಂದ ನನಗೆ ಅಶ್ರಫಿ ಕೊಂಡುಕೊಡಿ. ಚಾರ್ಮಿನಾರದ ಚಿತ್ರವಿರುವ ಬಂಗಾರದ ನಾಣ್ಯ. ಆದರೆ ಅದರಲ್ಲಿ ದುಡ್ಡು ಹಾಕುವುದು ಜಾಣತನವೋ ದಡ್ಡತನವೋ ನನಗೆ ತಿಳಿಯದು, ವಿಚಾರಿಸಿ ಬರೆಯಿರಿ. ಅಷ್ಟೇ ತೂಕದ ಗಟ್ಟಿ ಬಂಗಾರಕ್ಕಿಂತ ನಾಣ್ಯಕ್ಕೆ ಹೆಚ್ಚು ಬೆಲೆ ಯಾಕೆ? ಕೊಂಡ ಬೆಲೆಗೆ ತಿರುಗಿ ಕೊಳ್ಳುತ್ತಾರೆಯೇ? ನಾಣ್ಯದ ಮೇಲೆ ಹೆಸರಿರುವ ದೊರೆಯ ದರ್ಬಾರು ಮುಗಿಯಿತು. ಅವರ ಬೆಳ್ಳಿ ರೂಪಾಯಿ ಸತ್ತರೆ ಬಂಗಾರದ್ದೂ ಸಾಯುತ್ತದೆಯೇ?

ಜಾನಬಿ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ.
ಶಿವಕಾಂತ


ಶಹಾಬಾದ
೧೬ ಮಾರ್ಚ್ ೧೯೫೨

ಶಿವಕಾಂತ,

ಬಂಗಾರವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕಲ್ಲು ಹಾಸಿದರೆ ಅದರ ಮೇಲೆ ನಾಲ್ಕು ಜನ ನಡೆಯುತ್ತಾರೆ. ಬಂಗಾರ ಕತ್ತಲಲ್ಲಿ ಕೂತಿರುತ್ತದೆ. ಆದರೂ ನೀನು ಕೇಳಿದ್ದಕ್ಕೆ ಗುಲಬರ್ಗಾಕ್ಕೆ ಹೋಗಿ ಒಬ್ಬ ಸರಾಫನ ಗಾದಿಯ ಮೇಲೆ ಅರ್ಧ ದಿನ ಕೂತು ಬಂದೆ.

ಅಶ್ರಫಿ ತೊಲೆಗೆ ತುಸು ಕಡಿಮೆ ತೂಗುತ್ತದೆ. ಅಪ್ಪಟ ಚಿನ್ನವೂ ಅಲ್ಲ, ಗಟ್ಟಿಯಾಗಲೆಂದು ಬೇರೆ ಲೋಹ ಸೇರಿಸಿದ್ದಾರೆ. ಆದರೂ ಸರಾಫ ಅದರೊಳಗಿನ ಬಂಗಾರಕ್ಕಿಂತ ಮೇಲೆಯೇ ಕೇಳುತ್ತಾನೆ. ಯಾಕಪ್ಪಾ ಎಂದರೆ, ಗಟ್ಟಿಯನ್ನು ಒರೆಗೆ ಹಚ್ಚಿ ನೋಡಬೇಕು, ಟಂಕಸಾಲೆಯ ಮುದ್ರೆ ಇದ್ದರೆ ಯಾರೂ ಹಚ್ಚಿ ನೋಡುವುದಿಲ್ಲ, ಆ ನಂಬಿಕೆಗೆ ಬೆಲೆ ಎಂದ. ಇರಲಿ ಎಂದು ಒಂದು ಕೊಂಡೆ. ಕೈಯಲ್ಲಿ ಹಿಡಿದು, ಇದನ್ನು ಈಗಲೇ ನಿನಗೆ ಮಾರುತ್ತೇನೆ, ಎಷ್ಟು ಕೊಡುತ್ತೀ ಎಂದೆ. ಕಡಿಮೆ ಹೇಳಿದ! ನಾನಿನ್ನೂ ಚಪ್ಪಲಿ ಮೆಟ್ಟಿರಲಿಲ್ಲ. ನಾನು ಕೂಗಾಡಿದೆ, ಅವನು ಚಹ ತರಿಸಿದ. ಎಲ್ಲ ಸರಾಫರೂ ಹೀಗೆಯೇ ಅಂತೆ; ಕೊಡುವ ದರ ಬೇರೆ, ಕೊಳ್ಳುವ ದರ ಬೇರೆ.

ಇನ್ನೊಂದು ಕೇಳು. ಬೊಂಬಾಯಿ ಪೇಟೆಯಲ್ಲಿ ಈ ತಿಂಗಳು ಬಂಗಾರ ಧಡಕ್ಕನೆ ಇಳಿದಿದೆ. ಹೋದ ವರ್ಷ ಕೊಂಡವರೆಲ್ಲ ತಲೆಯ ಮೇಲೆ ಕೈ ಹೊತ್ತಿದ್ದಾರೆ. ಬಂಗಾರ ಇಳಿಯುವುದೇ ಇಲ್ಲ ಎನ್ನುತ್ತಿದ್ದವರು ಈಗ ಬಾಯಿ ಬಿಡುತ್ತಿಲ್ಲ. ದೊರೆಯ ಹೆಸರಿನ ಬಗ್ಗೆ ಕೇಳಿದ್ದೆಯಲ್ಲ: ಸರಾಫ ನಕ್ಕು, ರೂಪಾಯಿ ಸರ್ಕಾರದ ಮಾತಿನ ಮೇಲೆ ನಡೆಯುತ್ತದೆ, ಅಶ್ರಫಿ ತನ್ನ ತೂಕದ ಮೇಲೆ ನಡೆಯುತ್ತದೆ ಎಂದ. ಅದಂತೂ ನನಗೆ ಸರಿಯೆನಿಸಿತು.

ಊರಿಗೆ ಬಂದು ನೆರೆಮನೆಯ ಖುರ್ಷಿದಬೇಗಂ ಅವರನ್ನೂ ವಿಚಾರಿಸಿದೆ. ಅವರ ಯಜಮಾನರು ನಿಜಾಮರ ಕಾಲದ ತಹಸೀಲಿನಲ್ಲಿದ್ದವರು, ನಿನಗೆ ಗೊತ್ತು. ಪಿಂಚಣಿಯ ಕಾಗದ ಇನ್ನೂ ಕಚೇರಿಯಿಂದ ಕಚೇರಿಗೆ ತಿರುಗುತ್ತಿದೆ. ಈ ಮೂರು ವರ್ಷ ಅವರು ಅಶ್ರಫಿ ಮಾರಿಯೇ ಒಲೆ ಹಚ್ಚಿದ್ದಾರೆ. ಸರಾಫ ಮುರಿದುಕೊಳ್ಳುವುದಿಲ್ಲವೇ ಎಂದರೆ, ಮುರಿದುಕೊಳ್ಳುತ್ತಾನೆ ಎಂದರು. ಆಮೇಲೆ ಹೇಳಿದರು: "ಅಣ್ಣಾ, ಮಕಾನಿನ ಒಂದು ಗ್ವಾಡಿ ಕಿತ್ತಿ ಮಾರ್ಲಿಕ್ಕ ಬರ್ತದೇನ್ರಿ? ಅಶ್ರಫಿ ಒಂದೊಂದೇ ಹೋಗ್ತದ. ಉಳಿದದ್ದು ಹಂಗೇ ಇರ್ತದ."

ಲೆಕ್ಕ ಮಾತ್ರ ನನ್ನ ಕಡೆಗೇ ಇದೆ. ಬಾಡಿಗೆ ತರುವುದಿಲ್ಲ, ಕರು ಹಾಕುವುದಿಲ್ಲ, ಕೊಂಡ ದಿನವೇ ನಷ್ಟ. ವಾಡಿಯ ಜಾಗವನ್ನು ಇನ್ನೊಮ್ಮೆ ಯೋಚಿಸು.

ಅರ್ಧ ದಿನದ ಚಹದಿಂದ ಹೊಟ್ಟೆ ಉಬ್ಬಿಸಿಕೊಂಡ,
ನಿನ್ನ ಅಪ್ಪ


ಸೇಡಂ
೨೦ ಏಪ್ರಿಲ್ ೧೯೫೨

ಅಪ್ಪಾ,

ಸರಾಫನ ಮುಂದೆ ನೀವು ಕೂಗಾಡಿದ್ದು ಓದಿ ಒಬ್ಬಳೇ ನಕ್ಕೆ. ಅತ್ತೆಯವರು ಏನೆಂದು ಕೇಳಿದರು, ಜಾನಬಿಯ ಮಾತು ನೆನಪಾಯಿತೆಂದೆ.

ವಾಡಿಯ ಜಾಗವನ್ನು ಯೋಚಿಸಿದೆ. ಜಾಗ ನನ್ನ ಹೆಸರಿಗೇ ಆಯಿತೆನ್ನಿ. ಬಾಡಿಗೆ ವಸೂಲಿಗೆ ಹೋಗುವವರು ಯಾರು? ನಿಮ್ಮ ಅಳಿಯ, ಅವರೇ. ಕರ ಕಟ್ಟುವವರು, ಮಾರಬೇಕೆಂದಾಗ ಗಿರಾಕಿ ತರುವವರು, ಎಲ್ಲಿ ಸಹಿ ಹಾಕಬೇಕೆಂದು ಬೆರಳು ತೋರಿಸುವವರು, ಎಲ್ಲ ಅವರೇ. ನಿಮ್ಮ ವ್ಯಾಪಾರದಲ್ಲಿ ಹಾಕಿದರೆ, ಮಾವನವರ ಹತ್ತಿರ ನಮ್ಮ ದುಡ್ಡಿದೆ ಎಂದು ಅವರು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ನಿಮಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ.

ಬಂಗಾರ ಇಳಿದಿದ್ದರೆ ಒಳ್ಳೆಯದೇ ಆಯಿತಲ್ಲ, ಅದೇ ದುಡ್ಡಿಗೆ ಒಂದು ಹೆಚ್ಚು ಬರುತ್ತದೆ. ಇನ್ನೂ ಇಳಿದರೆ ಎಂದು ನೀವು ಕೇಳುತ್ತೀರಿ. ಇಳಿಯಲಿ. ನಾಳೆ ಮಾರುವವಳಿಗೆ ನಾಳೆಯ ದರ ಬೇಕು, ನಾನು ಮಾರುವುದಕ್ಕೆ ಕೊಳ್ಳುತ್ತಿಲ್ಲ. ಖುರ್ಷಿದಬೇಗಂ ಅವರ ಮಾತು ಮಾತ್ರ ಮನಸ್ಸಿನಲ್ಲಿ ನಿಂತಿದೆ. ಅವರು ಮೊದಲನೆಯದನ್ನು ಮಾರಿದ ದಿನ ಅತ್ತರೇ? ಯಾವುದನ್ನು ಮೊದಲು ಮಾರಬೇಕೆಂದು ಹೇಗೆ ಆರಿಸಿದರು? ಸಾಧ್ಯವಾದರೆ ಕೇಳಿ.

ಇಲ್ಲಿ ಒಂದು ಪೇಚಿದೆ. ಹೊಲದ ದುಡ್ಡು ಬಂದೇ ಬರುತ್ತದೆಂದು ಇವರು ಗಾಣದ ಪಾಲುದಾರರಿಗೆ ಮಾತು ಕೊಟ್ಟಿದ್ದಾರೆ. ದಿನಾ ನನ್ನ ಮುಖ ನೋಡಿ, ಅಪ್ಪನವರು ಯಾವಾಗ ಬರ್ತಾರಂತ ಎನ್ನುತ್ತಾರೆ. ಅವರಿಗೆ ನಾನಿನ್ನೂ ಹೇಳಿಲ್ಲ. ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಉಪ್ಪು ಬೇಕೇನು ಎಂದು ಕೇಳಿ ಸುಮ್ಮನಾಗುತ್ತೇನೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬರೀ ನಾಣ್ಯ ಕೊಂಡು, ಬಟ್ಟೆಯಲ್ಲಿ ಸುತ್ತಿ, ಯಾರ ಎದುರಿಗೂ ತೆಗೆಯದೆ ನನ್ನ ಕೈಗೆ ಕೊಡಿ. ನಾನೊಂದು ಕೌದಿ ಹೊಲಿಯುತ್ತಿದ್ದೇನೆ, ಅದರ ಪದರಿನಲ್ಲಿ ಜಾಗ ಬಿಟ್ಟಿದ್ದೇನೆ.

ನಿಮ್ಮ ಮೊಂಡು ಮಗಳು,
ಶಿವಕಾಂತ


ಶಹಾಬಾದ
೧೮ ಜುಲೈ ೧೯೫೨

ಮೊಂಡು ಮಗಳಿಗೆ ಮೊಂಡು ಅಪ್ಪನಿಂದ,

ಕೊಂಡೆ. ಮೊದಲೇ ಕೊಂಡದ್ದು ಸೇರಿ ಎಂಟು ಅಶ್ರಫಿ. ದರ ಇನ್ನಷ್ಟು ಇಳಿಯಲೆಂದು ಕಾದೆ, ಅದು ಮೇಲೆ ಕೆಳಗೆ ಆಡಿ ನನ್ನನ್ನು ದಣಿಸಿತು. ಕೊನೆಗೆ ಮೊಣಕಾಲು ನೋವೇ ತೀರ್ಮಾನ ಮಾಡಿತು. ಇನ್ನು ಗುಲಬರ್ಗಾಕ್ಕೆ ತಿರುಗಲಾರೆನೆಂದು ಒಂದೇ ದಿನ ಉಳಿದ ಏಳನ್ನೂ ತಂದೆ.

ಬೇಗಂ ಅವರನ್ನು ಕೇಳಿದೆ. ಮೊದಲನೆಯದನ್ನು ಮಾರಿದ ದಿನ ಅಳಲಿಲ್ಲವಂತೆ, ಮಾಂಸ ತಂದು ಅಡುಗೆ ಮಾಡಿದರಂತೆ. ಮೂರನೆಯದಕ್ಕೆ ಅತ್ತರಂತೆ. ಯಾಕೆ ಮೂರನೆಯದಕ್ಕೆ ಎಂದು ಅವರಿಗೂ ತಿಳಿಯದು.

ಅಶ್ರಫಿಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮಗಳಿಗೆ ಬರೀ ನಾಣ್ಯ ಕೊಡುವುದು, ಗಣಿಯ ಕೂಲಿಯವರಿಗೆ ಶನಿವಾರ ಎಣಿಸಿ ಕೊಟ್ಟಂತೆ ಆಗುತ್ತದಲ್ಲ ಎನಿಸಿತು. ನಿನ್ನ ಅವ್ವನ ಕೊರಳಲ್ಲಿ ಬಂಗಾರದ ನಾಣ್ಯ ಪೋಣಿಸಿದ ಪುತಳಿ ಸರ ಇತ್ತು, ಅವಳ ಕಾಯಿಲೆಯಲ್ಲಿ ಮಾರಿದ್ದು ನಾನೇ. ಅದಕ್ಕೇ ಒಡವೆ ಮಾಡುವ ನಮ್ಮ ಪತ್ತಾರನಿಗೆ ಕೊಟ್ಟೆ. ಪ್ರತಿಯೊಂದಕ್ಕೂ ಮೇಲೆ ಬಂಗಾರದ ಕೊಂಡಿ ಬೆಸೆದಿದ್ದಾನೆ, ನಡುನಡುವೆ ಗುಂಡು ಪೋಣಿಸಿ ಕೆಂಪು ದಾರದಲ್ಲಿ ಸರ ಮಾಡಿದ್ದಾನೆ. ಬಹಳ ಚೆನ್ನಾಗಿದೆ. ಪಂಚಮಿಯ ಉಂಡಿ ತೆಗೆದುಕೊಂಡು ನಾನೇ ಬಂದು ನಿನ್ನ ಕೊರಳಿಗೆ ಹಾಕುತ್ತೇನೆ.

ಜಾನಬಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ತಡಮಾಡಿದರೆ ಈ ಪತ್ರಕ್ಕಿಂತ ಮೊದಲು ನಾನೇ ಬಂದಿರುತ್ತೇನೆ.
ಅಪ್ಪ


ಸೇಡಂ
೩ ಆಗಸ್ಟ್ ೧೯೫೨

ಅಪ್ಪಾ,

ನಿಮ್ಮ ಪತ್ರ ನೀವು ಬಂದು ಹೋದ ಮಾರನೆಯ ದಿನ ಬಂತು. ಮೊದಲೇ ಬಂದಿದ್ದರೆ ಬರಬೇಡಿ ಎಂದು ತಂತಿ ಹೊಡೆಸುತ್ತಿದ್ದೆ.

ನಾನು ಏನು ಬರೆದಿದ್ದೆ? ಬರೀ ನಾಣ್ಯ ಎಂದಿದ್ದೆ. ಯಾರ ಎದುರಿಗೂ ಬೇಡ ಎಂದಿದ್ದೆ. ನೀವು ಪಡಸಾಲೆಯ ನಡುವೆ, ನಿಮ್ಮ ಅಳಿಯ, ಅತ್ತೆಯವರು, ಎದುರುಮನೆಯ ಲಲಿತಾಬಾಯಿ, ಉಂಡಿ ತಿನ್ನಲು ಬಂದ ಓಣಿಯ ಹೆಂಗಸರು ಎಲ್ಲರೂ ಇರುವಾಗ ಸರ ತೆಗೆದು, "ಇದು ಚಂದಮ್ಮನ ಹೊಲದ್ದು. ನನ್ನ ಮಗಳದು" ಎಂದು ಹಾಕಿಬಿಟ್ಟಿರಿ. ಸಂಜೆಯ ಗಾಡಿಗೆ ಹೊರಟೇಬಿಟ್ಟಿರಿ. ನಿಮ್ಮ ಕಣ್ಣು ತುಂಬಿದ್ದನ್ನು ನೋಡಿ ಆಗ ನನಗೆ ಏನೂ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ: ನನಗೆ ಬಹಳ ಸಿಟ್ಟು ಬಂದಿದೆ. ಕೌದಿಯನ್ನು ಮೂಲೆಗೆ ಎಸೆದು ಅತ್ತುಬಿಟ್ಟೆ.

ಇಲ್ಲಿಯ ಸರಾಫರ ಮನೆಯ ಸೊಸೆ ನೋಡಿದೊಡನೆ ಹೇಳಿದಳು, ಕೊಂಡಿ ಬೆಸೆದ ಮೇಲೆ ಅದು ನಾಣ್ಯವಲ್ಲ, ಆಭರಣ. ಬೆಸುಗೆಯ ತೂಕ ಕಳೆದು ಕರಗಿಸುವ ಬಂಗಾರದ ದರ ಕೊಡುತ್ತಾರೆ. ಮುದ್ರೆಗೆಂದು ನೀವು ಹೆಚ್ಚು ತೆತ್ತದ್ದು ಹೋಯಿತು. ಅದಾದರೂ ಹೋಗಲಿ. ಈ ಮನೆಯಲ್ಲಿ ಆಭರಣ ಎಂದರೆ ಅತ್ತೆಯವರ ಪೆಟ್ಟಿಗೆಗೆ ಹೋಗುವ ವಸ್ತು. ದೀಪ ಹಚ್ಚುವ ಹೊತ್ತಿಗೆ ಅವರು ಕೈ ಚಾಚಿದರು, ನಾನು ತೆಗೆದುಕೊಟ್ಟೆ. ನನ್ನ ಬಳೆಗಳು ಹೋದದ್ದು ಅದೇ ಪೆಟ್ಟಿಗೆಯಿಂದ. ಬೀಗದ ಕೈ ಒಂದು ಅವರ ಸೊಂಟದಲ್ಲಿದೆ, ಇನ್ನೊಂದು ಮಗನ ಹತ್ತಿರ.

ಇವರು ಮುನಿಸಿಕೊಂಡಿಲ್ಲ. ಸರವನ್ನು ಅಂಗೈಯಲ್ಲಿ ತೂಗಿ ನೋಡಿದರು, ಅಷ್ಟೆ.

ಈ ಸಲ ಹೆಚ್ಚು ಬರೆಯುವ ಮನಸ್ಸಿಲ್ಲ.
ಶಿ.


ಶಹಾಬಾದ
೧೪ ಆಗಸ್ಟ್ ೧೯೫೨

ಶಿವಕಾಂತ,

ಪತ್ತಾರನ ಹತ್ತಿರ ಹೋಗಿದ್ದೆ. ಕೊಂಡಿ ತೆಗೆಯಬಹುದು, ಆದರೆ ಚಾರ್ಮಿನಾರದ ನೆತ್ತಿಯ ಮೇಲೆ ಬೆಸುಗೆಯ ಕಲೆ ಉಳಿಯುತ್ತದಂತೆ. ಯಾವ ಸರಾಫನೂ ಅದನ್ನು ಪೂರಾ ನಾಣ್ಯವೆಂದು ಒಪ್ಪುವುದಿಲ್ಲವಂತೆ.

ನೀನು ಬರೆದದ್ದನ್ನು ಓದಿಯೇ ಮಾಡಿದೆ ಎಂಬುದೇ ನನಗೆ ಹೆಚ್ಚು ಚುಚ್ಚುತ್ತಿದೆ. ಓದುವಾಗ ತಲೆಯಲ್ಲಿದ್ದದ್ದು ನಿನ್ನ ಅವ್ವನ ಕೊರಳು. ನಾನು ಬಂದು ಸರ ತಿರುಗಿ ಒಯ್ಯಲೇ? ರಿಪೇರಿಗೆ ಎಂದರೆ ಯಾರೂ ಏನೂ ಅನ್ನುವುದಿಲ್ಲ. ನೀನು ಹೇಳಿದಂತೆ ಮಾಡುತ್ತೇನೆ, ಈ ಸಲ ಖಂಡಿತ ಹೇಳಿದಂತೆಯೇ.

ಅಪ್ಪ


ಸೇಡಂ
೨ ನವೆಂಬರ್ ೧೯೫೨

ಅಪ್ಪಾ,

ಎರಡು ತಿಂಗಳ ಮೇಲಾಯಿತು, ನಾನು ಉತ್ತರ ಬರೆಯಲಿಲ್ಲ. ಮೊದಲು ಸಿಟ್ಟಿತ್ತು. ಆಮೇಲೆ ಇಲ್ಲಿ ನಡೆಯುತ್ತಿದ್ದುದನ್ನು ನೋಡುವುದರಲ್ಲೇ ಮುಳುಗಿಬಿಟ್ಟೆ.

ನೀವು ಹೋದ ಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು, ಅಶ್ರಫಿ ಸರ ನೋಡಲು. ತವರಿನಿಂದ ಹೊಸ ಸರ ಬಂದರೆ ಇಲ್ಲಿ ಎಲ್ಲರಿಗೂ ತೋರಿಸಬೇಕು. ಅತ್ತೆಯವರು ಪ್ರತಿಸಲ ಪೆಟ್ಟಿಗೆ ತೆಗೆದು, ನನ್ನ ಕೊರಳಿಗೆ ಹಾಕಿ, ಕಂಬದ ಹತ್ತಿರ ಬೆಳಕಿಗೆ ನಿಲ್ಲಿಸುತ್ತಿದ್ದರು. ಬಂದವರು ಬರೀ ನೋಡುವುದಿಲ್ಲ, ಬೆರಳಿಟ್ಟು ಎಣಿಸುತ್ತಾರೆ. ದೀಪಾವಳಿಯ ಹೊತ್ತಿಗೆ ಎಂಟು ಅಶ್ರಫಿ, ಒಂದರ ಅಂಚು ತುಸು ಸವೆದಿದೆ ಎಂಬುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೇ ಮೊದಲು ಗೊತ್ತಿರಲಿಲ್ಲ. ನನ್ನ ಬಳೆಗಳನ್ನು ಹೀಗೆ ಯಾರೂ ಎಣಿಸಿರಲಿಲ್ಲ.

ಹೊಸ ಶೇಂಗಾ ಬಂದು ದರ ಬಿತ್ತು. ಸಾಲ ತಂದು ಹಳೆಯ ಮಾಲು ತುಂಬಿಸಿದ್ದರು ಇವರು. ಪಾಲುದಾರರು ಚಿತ್ತಾಪುರದಿಂದ ಎರಡು ಸಲ ಬಂದು ಕೂತು ಹೋದರು. ಇವತ್ತು ಮಧ್ಯಾಹ್ನ ಇವರು ಅಂಗಡಿಯಿಂದ ಬೇಗ ಬಂದು ನೇರ ಪೆಟ್ಟಿಗೆಯ ಕೋಣೆಗೆ ಹೋದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಬೀಗ ತೆಗೆದ ಸದ್ದು ಕೇಳಿತು.

ಅತ್ತೆಯವರು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಎದ್ದೂ ಬರಲಿಲ್ಲ, ದನಿಯನ್ನೂ ಏರಿಸಲಿಲ್ಲ. "ನಾಳಿ ಲಲಿತಾಬಾಯಿ ಬಂದು ತೋರಸ್ರಿ ಅಂದ್ರ ನಾ ಏನ್ ತೋರಸಲಿ? ಬೇಕಂದಾಗ ಒಯ್ಯಲಿಕ್ಕ ಅದು ನಮ್ಮದಲ್ಲ ದೇವಿಂದ್ರ, ಆಕಿದು ಅದ. ಆಕಿನ್ನ ಕೇಳು" ಎಂದರು. ಅವರು ನನ್ನ ಪರವಾಗಿ ಹೇಳಿದರೋ, ಓಣಿಗೆ ಹೆದರಿ ಹೇಳಿದರೋ ನನಗೆ ತಿಳಿಯದು. ಎರಡೂ ಇದ್ದೀತು.

ಪೆಟ್ಟಿಗೆ ಮುಚ್ಚಿದ ಸದ್ದಾಯಿತು. ಇವರು ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ಆಮೇಲೆ, "ಶಿವಕಾಂತ, ಎರಡು ಅಶ್ರಫಿ ಬೇಕಾಗ್ಯಾವ. ಕೊಡ್ತಿಯೇನು?" ಎಂದರು.

ಮದುವೆಯಾಗಿ ಆರು ವರ್ಷವಾಯಿತು ಅಪ್ಪಾ. ನನ್ನ ಹೆಸರು ಹಿಡಿದು ಕರೆದು, ಕೊಡ್ತಿಯೇನು ಎಂದು ಅವರು ಕೇಳಿದ್ದು ಇದೇ ಮೊದಲು. ನನಗೆ ಖುಷಿಯಾಯಿತು, ಅವರ ಮುಖ ನೋಡಿ ಕನಿಕರವೂ ಆಯಿತು, ಎರಡೂ ಒಟ್ಟಿಗೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. "ಸಂಜಿಗಿ ಹೇಳ್ತೀನ್ರಿ" ಎಂದೆ. ಅವರು ತಲೆಯಾಡಿಸಿ, ಸೀದ ರೊಟ್ಟಿಯನ್ನೇ ಹಾಕಿಸಿಕೊಂಡು ಉಂಡು ಎದ್ದರು.

ಸರವನ್ನು ತಿರುಗಿ ಒಯ್ಯಲು ಬರಬೇಡಿ. ಲೆಕ್ಕದಲ್ಲಿ ನೀವು ಹೇಳಿದ್ದೇ ಸರಿ. ಬಾಡಿಗೆ ಬರಲಿಲ್ಲ, ದರ ಏರಲಿಲ್ಲ, ಕೊಂಡಿಯಿಂದ ನಷ್ಟವೇ ಆಯಿತು. ವಾಡಿಯ ಜಾಗ ಕೊಂಡಿದ್ದರೆ ಇಷ್ಟರಲ್ಲಿ ಒಂದು ಖೋಲಿ ಏಳುತ್ತಿತ್ತು. ಯಾರಾದರೂ ಬಂದು ಅಶ್ರಫಿ ಕೊಳ್ಳಲೇ ಎಂದು ನಿಮ್ಮನ್ನು ಕೇಳಿದರೆ, ಸರಾಫನ ಅಂಗಡಿಯಲ್ಲಿ ನೀವು ಕಂಡದ್ದನ್ನೆಲ್ಲ ಹೇಳಿ. ಕೊಳ್ಳುವವರು ಗಂಡಸೋ ಹೆಂಗಸೋ ಎಂದು ಕೇಳಿಕೊಂಡು ಆಮೇಲೆ ಹೇಳಿ.

ಈಗ ಹೊತ್ತು ಇಳಿಯುತ್ತಿದೆ. ಅವರು ಅಂಗಡಿಗೆ ಹೋಗಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಾರೆ. ಏನು ಹೇಳಬೇಕೆಂದು ನನಗೆ ಗೊತ್ತಾಗಿದೆ. ಆದರೆ ನಿಮಗೆ ಇದರಲ್ಲಿ ಬರೆಯುವುದಿಲ್ಲ. ಕೇಳಿದವರು ಅವರು, ಮೊದಲು ಅವರಿಗೇ ಹೇಳಬೇಕು.

ನಿಮ್ಮ ಮಗಳು,
ಶಿವಕಾಂತಮ್ಮ